ಡಾಕ್ಟರ ಅಭಿಪ್ರಾಯ ಕೇಳಿದ ವರ್ಷ

ಹೋದ ವಾರ ಬೂದಿಕೋಟೆಯ ಹತ್ತಿರದ ನನ್ನ ತಂಗಿ ಮಂಜುಳನ ಊರಿಗೆ ಹೋಗಿದ್ದೆ. ಬಸ್ಸಿಳಿದು ಓಣಿಯಲ್ಲಿ ನಡೆಯುತ್ತಿದ್ದಾಗ ಯಾರದೋ ಮನೆಯಿಂದ ಗಿಣ್ಣು ಕಾಯಿಸುವ ವಾಸನೆ ಬಂತು. ಆಗಷ್ಟೇ ಕರು ಹಾಕಿದ ಹಸುವಿನ ಹಾಲು, ಬೆಲ್ಲ, ಏಲಕ್ಕಿ. ಚಿಕ್ಕಂದಿನಲ್ಲಿ ಆ ವಾಸನೆ ಬಂದರೆ ನಾವಿಬ್ಬರೂ ತಟ್ಟೆ ಹಿಡಿದು ಒಲೆಯ ಮುಂದೆ ಕೂತುಬಿಡುತ್ತಿದ್ದೆವು. ಈಗ ಮೂಗಿಗೆ ಸೆರಗು ಅಡ್ಡ ಹಿಡಿದು ಬೇಗ ಬೇಗ ನಡೆದೆ. ಮಂಜುಳನ ಮನೆಯಲ್ಲಿ ಆ ವಾಸನೆ ಇದ್ದ ದಿನವೇ ಅವಳನ್ನು ಬಂಗಾರಪೇಟೆಯ ನರ್ಸಿಂಗ್ ಹೋಮಿಗೆ ಸೇರಿಸಿದ್ದು. ವರ್ಷಗಳು ಕಳೆದಿವೆ, ನನ್ನ ಸಿಟ್ಟು ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ.

ನಾನು ವಕೀಲೆ. ಮನೆ ಬಂಗಾರಪೇಟೆಯಲ್ಲಿ, ಕೆಲಸ ಕೆಜಿಎಫ್ ಕೋರ್ಟಿನಲ್ಲಿ. ಬೆಳಿಗ್ಗೆ ಮಾರಿಕುಪ್ಪಂ ಕಡೆಯ ರೈಲುಗಾಡಿ ಹತ್ತುತ್ತೇನೆ, ಸಂಜೆ ಅದರಲ್ಲೇ ವಾಪಸ್ಸು. ಜಮೀನಿನ ಭಾಗ, ಬಾಡಿಗೆ ಜಗಳ, ಜೀವನಾಂಶ, ಇಂಥವೇ ನನ್ನ ಕೇಸುಗಳು. ಮಂಜುಳ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅಮ್ಮ ಹೋದ ಮೇಲೆ ನಾನೇ ಓದಿಸಿ ಮದುವೆ ಮಾಡಿದವಳು. ಗಂಡ ನಾರಾಯಣಸ್ವಾಮಿಗೆ ರಾಗಿ ಹೊಲ, ನಾಲ್ಕು ಸೀಮೆಹಸು. ಮದುವೆಯಾಗಿ ಏಳು ವರ್ಷಕ್ಕೆ ಅವಳು ಮೊದಲ ಸಲ ಬಸುರಾಗಿದ್ದಳು.

ಆ ನರ್ಸಿಂಗ್ ಹೋಮಿನ ಡಾಕ್ಟರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆದರಿಕೆಯಿಂದಲ್ಲ. ಆ ಹೆಸರನ್ನು ನಾನು ಎಲ್ಲಿ ಬರೆಯಬೇಕಿತ್ತೋ ಅಲ್ಲಿ ಬರೆದಾಗಿದೆ.

ಶ್ರಾವಣದ ದಿನಗಳು. ನಮ್ಮ ಕಡೆಯ ಮಳೆ ನಿಮಗೆ ಗೊತ್ತಿರಬಹುದು, ಸುರಿಯುವುದಿಲ್ಲ, ನಿಲ್ಲುವುದೂ ಇಲ್ಲ. ಬೆಳಗಿನಿಂದ ತುಂತುರು, ರಾಗಿ ಹೊಲಗಳೆಲ್ಲ ಹಸಿರು, ಕಳೆ ಕೀಳಲು ಹೋದವರ ತಲೆಯ ಮೇಲೆ ಗೊಬ್ಬರದ ಚೀಲದ ಗೊಪ್ಪೆ. ಸೋಮವಾರ ಮಧ್ಯಾಹ್ನ ಕೋರ್ಟಿನ ವರಾಂಡದಲ್ಲಿ ನಿಂತಿದ್ದಾಗ ಫೋನು ಬಂತು.

"ಅಕ್ಕಾ, ಅಸೀಗೆ ಉಲ್ಲಾಕೋಕೆ ಅಂತ ಬಗ್ಗಿದ್ದೆ. ಒಂದೇ ಸಲ ನೀರು ಸುರುದೋಯ್ತು ಕಣಕ್ಕಾ. ಸೀರೆಯೆಲ್ಲಾ ನೆಂದೋಗೈತೆ. ನೋವೇನಿಲ್ಲ. ಏನಾಗೈತೆ ಅಕ್ಕಾ ನಂಗೆ?"

ಐದು ತಿಂಗಳೂ ತುಂಬಿರಲಿಲ್ಲ. ತೋರಿಸಿಕೊಳ್ಳುತ್ತಿದ್ದ ನರ್ಸಿಂಗ್ ಹೋಮಿಗೆ ಕೂಡಲೇ ಹೋಗೆಂದು ಹೇಳಿ ಸಿಕ್ಕಿದ ಗಾಡಿ ಹತ್ತಿದೆ. ನಾನು ಹೋಗುವಷ್ಟರಲ್ಲಿ ನಾರಾಯಣಸ್ವಾಮಿ ಅವಳನ್ನು ಹಾಲಿನ ಟೆಂಪೋದಲ್ಲಿ ಕೂರಿಸಿಕೊಂಡು ಬಂದು ಸೇರಿಸಿದ್ದ.

ಡಾಕ್ಟರು ಅರವತ್ತರ ಆಸುಪಾಸಿನವರು. ಮೆತ್ತಗೆ ಮಾತು. ಊರಿನಲ್ಲಿ ಅರ್ಧ ಜನರ ಹೆರಿಗೆ ಅವರ ಕೈಯಲ್ಲೇ ಆದದ್ದು. ಸ್ಕ್ಯಾನ್ ಮಾಡಿ ಹೊರಗೆ ಬಂದು ನಮ್ಮಿಬ್ಬರಿಗೂ ಹೇಳಿದರು, "ನೀರೆಲ್ಲಾ ಹೋಗಿದೆ. ಮಗು ಉಳಿಯಲ್ಲ. ಆದ್ರೆ ಹಾರ್ಟ್ ಬೀಟ್ ಇದೆ. ಅದು ತಾನಾಗೇ ನಿಲ್ಲೋವರೆಗೂ ನಾವೇನೂ ಮಾಡೋಹಾಗಿಲ್ಲ."

ಒಳಗೆ ಮಲಗಿದ್ದ ಮಂಜುಳನಿಗೆ ಇದರಲ್ಲಿ ಅರ್ಧ ಮಾತ್ರ ಕೇಳಿಸಿತ್ತು. ನನ್ನ ಕೈ ಹಿಡಿದು, "ಬಡ್ಕೊಂತಾ ಐತಂತೆ ಅಲ್ವಾ ಅಕ್ಕಾ?" ಎಂದಳು. ಮುಖದಲ್ಲಿ ನಗು. ಉಳಿಯುವುದಿಲ್ಲವಂತೆ ಎಂದು ನಾನು ಹೇಳಬೇಕಾಯಿತು. ಅವಳು ನನ್ನ ಕೈ ಬಿಟ್ಟು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

ಮಾರನೆಯ ದಿನ ಜ್ವರ ಬಂತು. ಕೆಜಿಎಫ್ ಕಡೆಯ ಒಬ್ಬ ನರ್ಸು ಇದ್ದಳು, ಮಧ್ಯಾಹ್ನ ಹಣೆ ಮುಟ್ಟಿ ನೋಡಿ, "ಅಕ್ಕಾ, ಜ್ವರಂ ಏರ್ತಾನೇ ಇದೆ. ಡಾಕ್ಟರ್ ಕಿಟ್ಟೆ ಸೊಲ್ಲಿಟ್ಟೇನ್, ಹೇಳಿದ್ದೀನಿ, ಬರ್ತಾರೆ ಇರಿ," ಎಂದಳು. ಡಾಕ್ಟರು ಬಂದರು. ಮಂಜುಳ ಅವರ ಮುಖ ನೋಡಿ ಹೇಳಿದಳು, "ತೆಗೆದ್ಬಿಡಿ ಡಾಕ್ಟ್ರೇ. ಉಳಿಯಲ್ಲ ಅಂತ ನೀವೇ ಏಳಿದ್ರಿ. ನಂಗೆ ಮೈಯೆಲ್ಲಾ ಉರೀತಾ ಐತೆ."

ಅವರು ನಾರಾಯಣಸ್ವಾಮಿಯ ಕಡೆ ತಿರುಗಿ, "ನೀವೇನಂತೀರಿ?" ಎಂದರು.

"ಅವ್ಳೇಳ್ದಂಗೆ ಸಾರ್."

"ನಿಮ್ಮ ಮನೆ ಹಿರಿಯರು?"

ಅಲ್ಲಿಗೆ ನಾನು ಬಾಯಿ ಹಾಕಿದೆ. "ಡಾಕ್ಟರೇ, ಅವಳು ಹದಿನೆಂಟು ದಾಟಿದವಳು. ಕಾನೂನಿಗೆ ಅವಳ ಒಪ್ಪಿಗೆ ಒಂದೇ ಸಾಕು. ಇಪ್ಪತ್ತು ವಾರದ ಒಳಗೇ ಇದೆ, ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. ನೀವೇ ತೀರ್ಮಾನ ಮಾಡಬಹುದು."

ಅವರು ನನ್ನನ್ನು ವರಾಂಡಕ್ಕೆ ಕರೆದುಕೊಂಡು ಹೋದರು. "ಲಾಯರಮ್ಮಾ, ಕಾನೂನು ನಿಮಗೆ ಪುಸ್ತಕದಲ್ಲಿ. ನಮಗೆ ಕುತ್ತಿಗೆ ಮೇಲೆ. ಹಾರ್ಟ್ ಬೀಟ್ ಇರೋವಾಗ ನಾನು ಕೈ ಹಾಕಿದ್ರೆ, ಹೆಣ್ಣು ಅಂತ ತೆಗೆದ್ರು ಅಂತ ನಾಳೆ ಯಾರೋ ಅರ್ಜಿ ಹಾಕ್ತಾರೆ. ಗಂಡೋ ಹೆಣ್ಣೋ ಹೇಳಿದ್ರು ಅಂತ ನನ್ನ ಸ್ನೇಹಿತರೊಬ್ಬರ ಸ್ಕ್ಯಾನಿಂಗ್ ಮೆಷೀನಿಗೆ ಅಧಿಕಾರಿಗಳು ಸೀಲ್ ಹಾಕಿ ಹೋಗಿದ್ದಾರೆ. ಅವರು ಏನೂ ತಪ್ಪು ಮಾಡಿರಲಿಲ್ಲ. ನೀವು ಕೋರ್ಟಿಂದ ಆರ್ಡರ್ ತನ್ನಿ, ಈಗಿಂದೀಗ ಮಾಡ್ತೀನಿ."

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಮುಂದೆ ನಡೆದದ್ದಕ್ಕೆಲ್ಲ ಇದೇ ಬುಡ. ಗರ್ಭಪಾತದ ಕಾನೂನು ಇಂಥ ಸಂದರ್ಭದಲ್ಲಿ ಕೋರ್ಟನ್ನು ಏನೂ ಕೇಳುವುದಿಲ್ಲ. ಬಸುರು ಮುಂದುವರಿದರೆ ಹೆಂಗಸಿನ ಜೀವಕ್ಕೆ ಅಪಾಯ ಅಥವಾ ಅವಳ ಆರೋಗ್ಯಕ್ಕೆ ಭಾರಿ ಪೆಟ್ಟು ಎಂದು ವೈದ್ಯರಿಗೆ ಅನ್ನಿಸಬೇಕು, ಆ ಅಭಿಪ್ರಾಯ ಸದ್ಭಾವನೆಯಿಂದ ತಳೆದದ್ದಾಗಿರಬೇಕು. ಇಂಗ್ಲಿಷಿನಲ್ಲಿ ಗುಡ್ ಫೇತ್ ಅನ್ನುತ್ತಾರಲ್ಲ, ಅದು. ಹಾಗೆ ಪ್ರಾಮಾಣಿಕವಾಗಿ ಯೋಚಿಸಿ ಮಾಡಿದ ವೈದ್ಯರ ಮೇಲೆ ಮೊಕದ್ದಮೆ ನಡೆಯಬಾರದೆಂದು ರಕ್ಷಣೆಯೂ ಅದೇ ಕಾನೂನಿನಲ್ಲಿದೆ. ಅಂದರೆ ಸರ್ಕಾರ, ಪೊಲೀಸು, ಕೋರ್ಟು, ಗಂಡ, ಅತ್ತೆ ಎಲ್ಲರನ್ನೂ ಆಚೆ ನಿಲ್ಲಿಸಿ ಕಾನೂನು ಡಾಕ್ಟರೊಬ್ಬರನ್ನೇ ಕೇಳುತ್ತದೆ, ನಿನಗೇನು ಅನ್ನಿಸುತ್ತದೆ ಎಂದು. ಇಷ್ಟನ್ನೂ ನಾನು ಆ ವರಾಂಡದಲ್ಲಿ ಹೇಳಿದೆ. ಅವರು ಕೇಳಿಸಿಕೊಂಡರು. ಗೊತ್ತಿಲ್ಲದ್ದೇನೂ ಅಲ್ಲ. "ನೋಡೋಣ, ಬೆಳಿಗ್ಗೆ ಇನ್ನೊಂದು ಸ್ಕ್ಯಾನ್ ಮಾಡ್ತೀನಿ," ಎಂದು ಹೊರಟುಹೋದರು.

ಹಾಗಾದರೆ ಕೋಲಾರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇವೆ ಎಂದು ಹಿಂದೆ ಹೋಗಿ ಕೇಳಿದ್ದಕ್ಕೆ, ದಾರಿಯಲ್ಲಿ ರಕ್ತಸ್ರಾವವಾದರೆ ನಾನು ಜವಾಬ್ದಾರನಲ್ಲ ಎಂದರು. ನಾರಾಯಣಸ್ವಾಮಿ ಅಂಜಿದ. ನಾನು ಫೋನು ಮಾಡಿದ ಎರಡು ಆಸ್ಪತ್ರೆಯವರೂ, ಅವರ ಪೇಷಂಟು, ಅವರೇ ಬರೆದು ಕಳಿಸಲಿ ಎಂದರು. ಡಾಕ್ಟರು ಬರೆದುಕೊಡಲಿಲ್ಲ.

ಬುಧವಾರ ಬೆಳಿಗ್ಗೆ ಮಂಜುಳನಿಗೆ ಚಳಿ ಹತ್ತಿತು. ಮಂಚ ಅಲುಗಾಡುವಂಥ ಚಳಿ. ಆ ನಡುಕದಲ್ಲೇ ಮಗು ಹೊರಗೆ ಬಂತು, ಜೀವವಿರಲಿಲ್ಲ. ನರ್ಸು ಬಟ್ಟೆಯಲ್ಲಿ ಸುತ್ತಿ ಒಯ್ದಳು, ನಮಗೆ ತೋರಿಸಲಿಲ್ಲ. ಮಂಜುಳನ ಕೈಕಾಲು ತಣ್ಣಗಾಗಿ ಮಾತು ತೊದಲತೊಡಗಿದಾಗ, ಹಿಂದಿನ ದಿನ ದಾರಿಯಲ್ಲಿ ಅಪಾಯವೆಂದಿದ್ದ ಅದೇ ಡಾಕ್ಟರು ತಾವೇ ಓಡಾಡಿ ಆಂಬುಲೆನ್ಸ್ ತರಿಸಿದರು. "ಬೇಗ ಕೋಲಾರಕ್ಕೆ ಕರ್ಕೊಂಡು ಹೋಗಿ," ಎಂದರು. ಆಗ ಜವಾಬ್ದಾರಿಯ ಮಾತೇ ಬರಲಿಲ್ಲ.

ಕೋಲಾರದಲ್ಲಿ ಅವಳ ಜೀವ ಉಳಿಸಿದರು. ಗರ್ಭಕೋಶ ಉಳಿಸಲಾಗಲಿಲ್ಲ. ಆಪರೇಷನ್ ಮುಗಿಸಿ ಬಂದ ಚಿಕ್ಕ ವಯಸ್ಸಿನ ಡಾಕ್ಟರು ಮಾಸ್ಕ್ ತೆಗೆದು, ರೇಗಿದ ದನಿಯಲ್ಲಿ ನನ್ನನ್ನು ಕೇಳಿದರು, "ಇಷ್ಟು ಸೋಂಕು ಏರೋವರೆಗೂ ಯಾಕ್ರೀ ಬಿಟ್ಟಿದ್ರಿ?" ಆ ಪ್ರಶ್ನೆ ಯಾರಿಗೆ ಸಲ್ಲಬೇಕಿತ್ತೋ ಅವರ ಬಾಯಿಂದಲೇ ಉತ್ತರ ತೆಗೆಸುತ್ತೇನೆ ಎಂದು ಅಲ್ಲೇ ಗೋಡೆಗೊರಗಿ ನಿಂತು ತೀರ್ಮಾನ ಮಾಡಿದೆ.

ಗರ್ಭಕೋಶದ ವಿಷಯವನ್ನು ಮಂಜುಳನಿಗೆ ನಾನೇ ಹೇಳಿದೆ. ಅವಳು ಅಳಲಿಲ್ಲ. ಗೋಡೆಯ ಕಡೆ ತಿರುಗಿಕೊಂಡು, "ಅಸೀಗೆ ಉಲ್ಲು ಯಾರಾಕ್ತಾವ್ರೆ?" ಎಂದು ಕೇಳಿದಳು.

ಗಣಪತಿ ಹಬ್ಬ ಕಳೆದ ಮೇಲೆ ಅವಳನ್ನು ಊರಿಗೆ ಬಿಟ್ಟು ಬಂದೆ. ದೂರು ಕೊಡುವ ಮಾತೆತ್ತಿದ್ದಕ್ಕೆ ನಾರಾಯಣಸ್ವಾಮಿ, "ಓಗ್ಲಿ ಬಿಡಿ ಅಕ್ಕಾ, ಇವ್ಳು ಉಳಿದ್ಲಲ್ಲ ಅಷ್ಟೇ ಸಾಕು," ಎಂದ. ಒಳ್ಳೆಯವನು, ಜಗಳಕ್ಕೆ ಹೋಗುವವನಲ್ಲ. ಹಟ್ಟಿಯಲ್ಲಿ ಸೌದೆ ಜೋಡಿಸುತ್ತಿದ್ದ ಮಂಜುಳ ತಲೆಯೆತ್ತದೆ ಹೇಳಿದಳು, "ಸಾಕಾಗಲ್ಲ. ಅವ್ನ ಬೋರ್ಡು ಇಳೀಬೇಕು ಅಕ್ಕಾ. ದುಡ್ಡು ಗಿಡ್ಡು ಏನೂ ಕೇಳ್ಬೇಡ. ಬೋರ್ಡು ಇಳಿಸು."

ನನ್ನ ತಂಗಿ ಹಾಗೆ ಮಾತಾಡಿದ್ದನ್ನು ಅದುವರೆಗೆ ಕೇಳಿರಲಿಲ್ಲ. ನನ್ನೊಳಗೆ ಇದ್ದದ್ದೂ ಅದೇ ಮಾತು. ಪರಿಹಾರ ಕೇಳುವ ಕೋರ್ಟಿಗೆ ಹೋಗಲಿಲ್ಲ. ವೈದ್ಯರ ನೋಂದಣಿ ನೋಡಿಕೊಳ್ಳುವ ಬೆಂಗಳೂರಿನ ಪರಿಷತ್ತಿಗೆ ಅವಳ ಹೆಸರಿನಲ್ಲಿ ದೂರು ಬರೆದೆ, ಇವರ ವೃತ್ತಿಯ ಹಕ್ಕು ತೆಗೆಯಿರಿ ಎಂದು.

ಆ ಆಶ್ವೀಜದಿಂದ ನಾನು ಬೇರೆ ಯಾವುದನ್ನೂ ಯೋಚಿಸಲಿಲ್ಲ. ನಮ್ಮ ಮನೆಯಿಂದ ಸ್ಟೇಷನ್ನಿಗೆ ಹೋಗುವ ದಾರಿಯಲ್ಲೇ ಆ ನರ್ಸಿಂಗ್ ಹೋಮು. ದಿನಾ ಎರಡು ಸಲ ಅದರ ಮುಂದೆ ನಡೆದೆ. ಬೇರೆ ದಾರಿ ಇತ್ತು, ಹಿಡಿಯಲಿಲ್ಲ. ಸಂಜೆ ಆರರ ಹೊತ್ತಿಗೆ ಅವರು ಬೇಕರಿಗೆ ಬರುತ್ತಾರೆ, ಖಾರಾ ಬನ್ನು ಕಟ್ಟಿಸಿಕೊಳ್ಳುತ್ತಾರೆ, ಬಂದವರೆಲ್ಲ ನಮಸ್ಕಾರ ಮಾಡುತ್ತಾರೆ. ಒಂದು ಸಂಜೆ ನಾನು ಅವರ ಹಿಂದೆಯೇ ನಿಂತಿದ್ದೆ. ತಿರುಗಿ ನೋಡಿ ಬೆಚ್ಚಿದರು. "ನಿಮ್ಮ ತಂಗಿ ಹೇಗಿದ್ದಾರೆ?" ಎಂದರು. ನಾನು ಅವರ ಮುಖವನ್ನೇ ನೋಡಿದೆ. ಅವರು ಚಿಲ್ಲರೆ ತೆಗೆದುಕೊಳ್ಳುವುದನ್ನು ಮರೆತು ಹೋದರು. ಆ ರಾತ್ರಿ ನನಗೆ ಹೊಟ್ಟೆ ತುಂಬ ಊಟ ಸೇರಿತು. ನಾನು ಇದನ್ನು ಮುಚ್ಚಿಟ್ಟುಕೊಳ್ಳುವುದಿಲ್ಲ.

ಊರಿಗೆ ನಾನು ಹಿಡಿಸಲಿಲ್ಲ. ದೊಡ್ಡ ಮನುಷ್ಯರ ಮೇಲೆ ಬಿದ್ದಿದ್ದಾಳೆ ಎಂದರು. ಇರುವ ಒಬ್ಬ ಒಳ್ಳೆಯ ಹೆರಿಗೆ ಡಾಕ್ಟರನ್ನೂ ಓಡಿಸುತ್ತಾಳೆ ಎಂದರು. ಬಂಗಾರಪೇಟೆಯ ಕಕ್ಷಿಗಾರರು ಒಬ್ಬೊಬ್ಬರಾಗಿ ಫೈಲು ವಾಪಸು ಪಡೆದರು. ನಾನು ಕೆಲಸ ಕಲಿತದ್ದು ಕೆಜಿಎಫ್‌ನ ಸೆಲ್ವರಾಜ್ ಸಾರ್ ಆಫೀಸಿನಲ್ಲಿ. ಎಪ್ಪತ್ತು ದಾಟಿದ್ದರು, ಇನ್ನೂ ಕೋರ್ಟಿಗೆ ಬರುತ್ತಿದ್ದರು. ನಾನು ವಿಚಾರಣೆಗೆಂದು ಬರೆದಿಟ್ಟುಕೊಂಡಿದ್ದ ಪ್ರಶ್ನೆಗಳನ್ನು ಓದಿ ಅವರು ಕಾಗದ ಪಕ್ಕಕ್ಕಿಟ್ಟರು.

"ಏನಮ್ಮಾ ಶಾರದಾ ಇದು? ಬೈಗುಳ ಬರೆದಿದೀಯ."

"ಸಿಟ್ಟು ಬರುತ್ತೆ ಸಾರ್."

"ಕೋಪಂ ಇರಟ್ಟುಂ ಮಾ, ಇಟ್ಕೋ. ಆದ್ರೆ ಪ್ರಶ್ನೆ ಒಳಗೆ ಇಡಬೇಡ. ಕೋಪ ಇರೋ ಪ್ರಶ್ನೆಗೆ ಆಸಾಮಿ ಸುಲಭವಾಗಿ ತಪ್ಪಿಸ್ಕೋತಾನೆ. ತಣ್ಣಗೆ ಕೇಳು. ಒಂದೇ ಒಂದು ಕೇಳು."

ಯಾವ ಒಂದು ಎಂದು ಅವರು ಹೇಳಲಿಲ್ಲ. ಗಾಡಿಯಲ್ಲಿ ಹೋಗುತ್ತಾ ಬರುತ್ತಾ ಅದನ್ನೇ ಯೋಚಿಸಿದೆ. ಕಾನೂನಿನ ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಒಂದು ದಿನ ಕೋರಮಂಡಲ್ ಸ್ಟೇಷನ್ ದಾಟುವಾಗ ಹೊಳೆಯಿತು. ಡಾಕ್ಟರು ನಮ್ಮ ಹತ್ತಿರ ಹಾರ್ಟ್ ಬೀಟ್ ಬಗ್ಗೆ ಮಾತಾಡಿದ್ದರು, ಸೀಲ್ ಬಗ್ಗೆ, ಕೋರ್ಟ್ ಆರ್ಡರ್ ಬಗ್ಗೆ ಮಾತಾಡಿದ್ದರು. ಕಾನೂನು ಅವರಿಂದ ಕೇಳಿದ್ದ ಒಂದೇ ಸಂಗತಿಯನ್ನು ಅವರು ಹೇಳಿರಲೇ ಇಲ್ಲ.

ವಿಚಾರಣೆ ಬರುವಷ್ಟರಲ್ಲಿ ಇನ್ನೊಂದು ಮಳೆಗಾಲ ಬಂದಿತ್ತು. ಮಂಜುಳನೂ ನಾನೂ ಬೆಳಗಿನ ಗಾಡಿಗೆ ಬೆಂಗಳೂರಿಗೆ ಹೋದೆವು, ಬಾಗಿಲ ಹತ್ತಿರ ನಿಂತು, ಕೆಲಸಕ್ಕೆ ಹೋಗುವವರ ನೂಕುನುಗ್ಗಲಿನಲ್ಲಿ. ಆಪರೇಷನ್ ಆದಮೇಲೆ ಅವಳಿಗೆ ತುಂಬಾ ಹೊತ್ತು ನಿಲ್ಲಲಾಗುತ್ತಿರಲಿಲ್ಲ. ಯಾರೋ ಎದ್ದು ಜಾಗ ಕೊಟ್ಟರು.

ಪರಿಷತ್ತಿನಲ್ಲಿ ಮೇಜಿನ ಆಚೆ ಮೂವರು ಹಿರಿಯ ವೈದ್ಯರು. ನಡುವೆ ಕೂತಿದ್ದಾಕೆ ಬಿಳಿಕೂದಲಿನವರು, ಅವರೂ ಹೆರಿಗೆ ಡಾಕ್ಟರೇ. ನಮ್ಮ ಡಾಕ್ಟರ ಪಕ್ಕದಲ್ಲಿ ಬೆಂಗಳೂರಿನ ದೊಡ್ಡ ವಕೀಲರು. ಕಾನೂನು ಅಸ್ಪಷ್ಟ, ವೈದ್ಯರ ತಲೆಯ ಮೇಲೆ ಕತ್ತಿ, ತಮ್ಮ ಕಕ್ಷಿದಾರರು ಎಚ್ಚರ ವಹಿಸಿದ್ದೇ ತಪ್ಪೇ ಎಂದು ಅವರು ಸೊಗಸಾಗಿ ಮಾತಾಡಿದರು. ನನ್ನ ಸರದಿ ಬಂದಾಗ ದನಿ ನಾನು ಅಂದುಕೊಂಡಂತೆ ತಣ್ಣಗೇ ಬಂತು.

"ಡಾಕ್ಟರೇ, ಸೋಮವಾರ ನೀವು ನೋಡಿದಾಗ ನೀರು ಪೂರ್ತಿ ಹೋಗಿತ್ತಾ?"

"ಹೌದು."

"ಮಗು ಬದುಕೋ ಸಾಧ್ಯತೆ ಇತ್ತಾ?"

"ಇರಲಿಲ್ಲ."

"ತಾಯಿಗೆ ಸೋಂಕು ಏರೋ ಅಪಾಯ ಇದೆ ಅಂತ ನಿಮಗೆ ಗೊತ್ತಿತ್ತಾ?"

"ಅಂಥ ಕೇಸಲ್ಲಿ ಇರುತ್ತೆ."

"ಮಂಗಳವಾರ ಜ್ವರ ಬಂದಾಗ ಅದು ಆ ಸೋಂಕೇ ಅಂತ ಗೊತ್ತಿತ್ತಾ?"

ಅವರು ತಮ್ಮ ವಕೀಲರ ಕಡೆ ನೋಡಿದರು. "ಅನುಮಾನ ಇತ್ತು."

"ಹಾಗಾದ್ರೆ ಮಂಗಳವಾರ ಮಧ್ಯಾಹ್ನ ನನ್ನ ತಂಗಿ ಮಂಚದ ಮುಂದೆ ನಿಂತಾಗ ವೈದ್ಯರಾಗಿ ನಿಮ್ಮ ಅಭಿಪ್ರಾಯ ಏನಿತ್ತು?"

"ಕಾನೂನಿನ ಪ್ರಕಾರ..."

"ಕಾನೂನು ನನಗೆ ಗೊತ್ತಿದೆ. ನಾನು ಕೇಳಿದ್ದು ನಿಮ್ಮ ಅಭಿಪ್ರಾಯ."

"ಆಗಿನ ಪರಿಸ್ಥಿತಿ, ಆ ಸೀಲ್ ಹಾಕಿದ ವಿಷಯ..."

"ಅದನ್ನೂ ಒಪ್ಪಿದೆ. ನಿಮ್ಮ ಅಭಿಪ್ರಾಯ ಏನಿತ್ತು?"

ವಕೀಲರು ಎದ್ದು ಆಕ್ಷೇಪಿಸಿದರು, ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳುತ್ತಿದ್ದಾರೆ ಎಂದು. ಬಿಳಿಕೂದಲಿನಾಕೆ ಕೈಯೆತ್ತಿ ಅವರನ್ನು ಕೂರಿಸಿದರು. "ಉತ್ತರ ಕೊಡಿ ಡಾಕ್ಟರ್. ನನಗೂ ಅದೇ ಬೇಕು."

ನಾನು ಅಷ್ಟು ದಿನ ಕಟ್ಟಿದ ಬೋನು ಅದು. ಅಪಾಯ ಕಾಣಲಿಲ್ಲ ಎಂದರೆ ಮೂವತ್ತು ವರ್ಷ ಹೆರಿಗೆ ಮಾಡಿಸಿದ ವೈದ್ಯರಿಗೆ ಏನೂ ಗೊತ್ತಿಲ್ಲವೆಂದಾಗುತ್ತದೆ. ಕಂಡಿತ್ತು ಎಂದರೆ, ಕಂಡೂ ಬಾಯಿ ಮುಚ್ಚಿಕೊಂಡರೆಂದಾಗುತ್ತದೆ. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ಸದ್ಭಾವನೆ ಎಂಬ ಮಾತು ಅವರ ಕಡೆ ನಿಲ್ಲುವುದಿಲ್ಲ. ಅವರಿಗದು ಅರ್ಥವಾಯಿತು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ನನ್ನ ತಂಗಿ ಮಂಚದ ಮೇಲೆ ನಡುಗಿದ್ದನ್ನು ನೆನೆದುಕೊಂಡು ನೋಡುತ್ತಾ ನಿಂತೆ.

"ತೆಗೀಬೇಕು ಅಂತಾನೇ ಇತ್ತು," ಎಂದರು.

"ಯಾವತ್ತಿಂದ?"

"ಸೋಮವಾರದಿಂದಲೇ."

ನನ್ನ ಪಕ್ಕದಲ್ಲಿದ್ದ ಮಂಜುಳ ಉಸಿರು ಎಳೆದುಕೊಂಡದ್ದು ಕೇಳಿಸಿತು. ನಾನು ಇನ್ನೇನೂ ಕೇಳದೆ ಕೂತೆ. ವಾಪಸು ಬರುವಾಗ ಗಾಡಿ ಮಾಲೂರು ದಾಟಿದ ಮೇಲೆ ಅವಳು, "ಗೊತ್ತಿರ್ಲಿಲ್ಲ ಅಂದಿದ್ರೆ ಎಂಗೋ ಇರ್ತಿತ್ತು ಅಕ್ಕಾ. ಗೊತ್ತಿತ್ತಂತೆ," ಎಂದಳು.

ಒಂದು ವರ್ಷ ವೃತ್ತಿ ನಡೆಸಬಾರದೆಂದು ಆದೇಶವಾಯಿತು. ಬೋರ್ಡು ಇಳಿಯುವ ದಿನ ನನ್ನ ಗಾಡಿ ಹೋದರೆ ಹೋಗಲಿ ಎಂದು ಎದುರಿನ ಟೀ ಅಂಗಡಿಯಲ್ಲಿ ನಿಂತೆ. ಏಣಿ ಹಾಕಿ ಇಬ್ಬರು ಮೊಳೆ ಕಿತ್ತರು. ಒಂದು ಮೂಲೆ ಸಿಕ್ಕಿಕೊಂಡು ಬೋರ್ಡು ಓರೆಯಾಗಿ ಜೋತುಬಿತ್ತು, ಆಮೇಲೆ ದಡಾರೆಂದು ಬಿತ್ತು. ಮೊಬೈಲಿನಲ್ಲಿ ಹಿಡಿದು ಮಂಜುಳನಿಗೆ ಕಳಿಸಿದೆ. ಅವಳು ಅದನ್ನು ಮತ್ತೆ ಮತ್ತೆ ನೋಡಿ, ಬಂದವರಿಗೆಲ್ಲ ತೋರಿಸುತ್ತಿದ್ದಳೆಂದು ನಾರಾಯಣಸ್ವಾಮಿ ಆಮೇಲೆ ಹೇಳಿದ. ಅವನ ದನಿಯಲ್ಲಿ ಸ್ವಲ್ಪ ಭಯವಿತ್ತು.

ಗೆದ್ದದ್ದು ಅಷ್ಟು ಸಲೀಸಾಗಿರಲಿಲ್ಲ. ಅದೇ ದಿನಗಳಲ್ಲಿ ಸ್ಟೇಷನ್ನಿನಲ್ಲಿ ಊರಿನ ಇನ್ನೊಬ್ಬ ಲೇಡಿ ಡಾಕ್ಟರು ನನ್ನನ್ನು ತಡೆದು ನಿಲ್ಲಿಸಿದರು. ವಯಸ್ಸು ಚಿಕ್ಕದು. "ಮೇಡಂ, ನಿಮ್ಮ ಕೇಸಾದ ಮೇಲೆ ನಾವು ಇಬ್ಬರಿಗೂ ಹೆದರಬೇಕು. ಮಾಡಿದ್ರೆ ಪೊಲೀಸ್, ಬಿಟ್ರೆ ನೀವು," ಎಂದರು. ಅದರಲ್ಲಿ ಸುಳ್ಳಿರಲಿಲ್ಲ. ಆ ಹಳೆಯ ಡಾಕ್ಟರ ಹೆದರಿಕೆಯೂ ಸುಳ್ಳಾಗಿರಲಿಲ್ಲ.

"ಹೆದರಿ," ಎಂದೆ. "ಆದ್ರೆ ಮೊದಲು ಮಂಚದ ಮೇಲಿರೋಳಿಗೆ ಹೆದರಿ. ನಿಮಗೆ ಅನ್ನಿಸಿದ್ದನ್ನ ಹೇಳಿ, ಬರೆದಿಡಿ, ಮಾಡಿ. ಯಾರಾದ್ರೂ ನಿಮ್ಮ ಮೇಲೆ ಬಂದ್ರೆ ನಾನೇ ನಿಮ್ಮ ಪರ ನಿಲ್ತೀನಿ."

ಅವರು ನಂಬಿದರೋ ಇಲ್ಲವೋ. ಮುಂದೆ ಅಂಥದ್ದೇ ಸ್ಥಿತಿಯಲ್ಲಿ ಬಂದ ಒಬ್ಬಾಕೆಗೆ ಅವರು ಅಂದೇ ಮಾಡಿ ಮುಗಿಸಿದರೆಂದು ಕೇಳಿದೆ. ಇನ್ನೊಬ್ಬಾಕೆಯನ್ನು ಬೇರೊಂದು ಆಸ್ಪತ್ರೆಯವರು ಬಾಗಿಲಲ್ಲೇ ನೋಡಿ ಕೋಲಾರಕ್ಕೆ ಸಾಗಹಾಕಿದರೆಂದೂ ಕೇಳಿದೆ. ಎರಡೂ ಆದವು.

ಡಾಕ್ಟರು ಮೇಲ್ಮನವಿ ಹಾಕಿದ್ದರು. ದೂರು ಕೊಟ್ಟಾಕೆ ತನಗೇನೂ ಆಕ್ಷೇಪವಿಲ್ಲವೆಂದು ಬರೆದುಕೊಟ್ಟರೆ ಶಿಕ್ಷೆ ಕಡಿಮೆಯಾಗಬಹುದೆಂದು ಅವರ ವಕೀಲರು ಹೇಳಿದ್ದರಂತೆ. ಒಂದು ಭಾನುವಾರ ಮಂಜುಳನ ಮನೆಯ ಮುಂದೆ ಕಾರು ನಿಂತಿತು. ನಾನೂ ಅಲ್ಲೇ ಇದ್ದೆ. ಡಾಕ್ಟರೂ ಅವರ ಹೆಂಡತಿಯೂ ಇಳಿದರು, ಕೈಯಲ್ಲಿ ಹಣ್ಣಿನ ಚೀಲ. ಅಷ್ಟರಲ್ಲೇ ಅವರು ಹತ್ತು ವರ್ಷ ಮುದುಕರಾದಂತೆ ಕಂಡರು. ಆಕೆ ಬಂದವರೇ ಅಳತೊಡಗಿದರು.

ಮಂಜುಳ ಹಾಲಿನ ಕ್ಯಾನು ತೊಳೆಯುತ್ತಿದ್ದಳು. ಎದ್ದು ಒಳಗೆ ಹೋಗಿ ಒಂದು ಲೋಟ ನೀರು ತಂದು ಆಕೆಗೆ ಕೊಟ್ಟಳು. "ಕುಡೀರಿ ಅಮ್ಮಾ. ಕುಂತ್ಕೊಳ್ಳಿ." ಡಾಕ್ಟರಿಗೆ ನೀರನ್ನೂ ಕೊಡಲಿಲ್ಲ, ಕೂರಲೂ ಹೇಳಲಿಲ್ಲ.

"ನನ್ನಿಂದ ತಪ್ಪಾಗಿದೆ ತಾಯಿ," ಎಂದರು ಅವರು. "ಇನ್ನು ಎಷ್ಟು ದಿನ ಇರ್ತೀನೋ. ಹೆಸರು ಕೆಟ್ಟು ಸಾಯೋದು ಬೇಡ ಅಂತ ಕೇಳೋಕೆ ಬಂದೆ."

"ಒಂದು ಮಾತು ಕೇಳ್ತೀನಿ," ಎಂದಳು ಮಂಜುಳ. "ಏಳ್ಬುಟ್ರೆ ಸೈನು ಮಾಡೋದು ಯೋಚ್ನೆ ಮಾಡ್ತೀನಿ. ನಂದು ಗಂಡಾ, ಎಣ್ಣಾ?"

ಅವರು ಹಣ್ಣಿನ ಚೀಲವನ್ನು ಕೆಳಗಿಟ್ಟರು.

"ಒಟ್ಟೇಲಿರೋವಾಗ ಏಳ್ಬಾರ್ದು ಅಂತ ಕಾನೂನು, ಗೊತ್ತು. ಸತ್ತು ಆಚೆ ಬಂದ್ಮೇಲೂ ಏಳ್ಬಾರ್ದಾ? ನಿಮ್ಮನೇಲೇ ಬಂದಿದ್ದಲ್ವಾ ಅದು. ನಂಗೆ ತೋರಿಸ್ನಿಲ್ಲ. ನೀವಾದ್ರೂ ನೋಡಿರ್ಬೇಕಲ್ಲ."

"ನೋಡಲಿಲ್ಲಮ್ಮಾ," ಎಂದರು ಡಾಕ್ಟರು. "ಆಗ ನಿಮ್ಮ ಸ್ಥಿತಿ... ನಾನು ನೋಡಲಿಲ್ಲ."

"ಓಗಿ," ಎಂದಳು ಮಂಜುಳ.

ಆಕೆ ಗಂಡನ ತೋಳು ಹಿಡಿದು ಕಾರಿಗೆ ಕರೆದೊಯ್ದರು. ಹಣ್ಣಿನ ಚೀಲವನ್ನು ಮಂಜುಳ ತಾನೇ ತೆಗೆದುಕೊಂಡು ಹೋಗಿ ಕಾರಿನ ಕಿಟಕಿಯೊಳಗೆ ಇಟ್ಟು ಬಂದಳು. ಮುದುಕರನ್ನು ನೋಡಿ ಎಲ್ಲಿ ನನಗೆ ಕನಿಕರ ಹುಟ್ಟಿಬಿಡುತ್ತದೋ ಎಂದು ಒಂದು ಗಳಿಗೆ ಅಂಜಿದ್ದೆ. ಹುಟ್ಟಲಿಲ್ಲ.

ಅಂದೇ ಸಂಜೆ ಮೇಲ್ಮನವಿಗೆ ತಕರಾರು ಬರೆಯಲು ಕೂತೆ. ಮಂಜುಳ ಪಕ್ಕದಲ್ಲಿ ಬಂದು ಕೂತು, "ಕ್ಷಮಿಸಿಲ್ಲ ಅಂತ ಬರಿ," ಎಂದಳು.

"ತಕರಾರಿನಲ್ಲಿ ಹಾಗೆಲ್ಲ ಬರೆಯೋಹಾಗಿಲ್ಲ ಕಣೆ. ಕಲಮು, ಕಾರಣ, ಅಷ್ಟೇ."

"ಮೇಲೆ ನಿನ್ ಕಲಮು ಬರ್ಕೋ. ಕೆಳಗೆ ನಂದು ಬರಿ. ನಾನು ಏಳ್ದಂಗೇ ಬರಿ."

ಅವಳು ಹೇಳಿದಳು, ನಾನು ಬರೆದೆ: ನಾನು ಈ ವೈದ್ಯರನ್ನು ಕ್ಷಮಿಸಿಲ್ಲ, ಮುಂದೆಯೂ ಕ್ಷಮಿಸುವುದಿಲ್ಲ.

ಮೇಲ್ಮನವಿಯ ವಿಚಾರಣೆಗೆ ಅವಳು ಬರಲಿಲ್ಲ, ಒಂದು ಹಸುವಿಗೆ ಕೆಚ್ಚಲು ಬಾವು. ನಾನೊಬ್ಬಳೇ ಹೋದೆ. ಕೇಳುತ್ತಿದ್ದ ಹಿರಿಯರು ಕಾಗದ ಓದುತ್ತಾ ಕೊನೆಗೆ ಬಂದು ನಿಂತರು. ಗಟ್ಟಿಯಾಗಿ ಓದಿದರು. ನನ್ನ ಕಡೆ ನೋಡಿ, "ಇದು ಕಾನೂನಿಗೆ ಸಂಬಂಧಪಡದ ಮಾತಲ್ವಾ ಮೇಡಂ? ತೆಗೆದುಹಾಕೋಣವಾ?" ಎಂದರು.

"ಸಂಬಂಧವಿಲ್ಲ ಸಾರ್. ಆದ್ರೆ ತೆಗೆಯಲ್ಲ. ನನ್ನ ತಂಗಿ ಹೇಳಿ ಬರೆಸಿದ್ದು."

ಅವರು ಪೆನ್ನು ಕೆಳಗಿಟ್ಟು ಹಾಳೆ ಮಗುಚಿದರು. ಸಾಲು ಉಳಿಯಿತು. ಮೇಲ್ಮನವಿ ವಜಾ ಆಯಿತು.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಮಂಜುಳನಿಗೆ ಫೋನು ಮಾಡಿದೆ. ವಜಾ ಆಯಿತು ಎಂದು ಹೇಳಿದೆ. ಅವಳು ಕೇಳಿದಳು, "ನಾನೇಳಿದ್ದು ಓದಿದ್ರಾ?"

"ಓದಿದ್ರು. ಗಟ್ಟಿಯಾಗೇ ಓದಿದ್ರು."

"ಅವ್ನಿದ್ನಾ?"

"ಇದ್ರು. ಎದುರಿಗೇ ಕೂತಿದ್ರು. ಕೇಳಿಸ್ಕೊಂಡ್ರು."

"ಸರಿ ಅಕ್ಕಾ," ಎಂದಳು. "ಇಡ್ತೀನಿ. ಡೈರಿಗೆ ಆಲಾಕೋ ಒತ್ತಾಯ್ತು."